ಡೋರಿಸ್ ಆಂಟಿಗೆ ಲವ್ ಆದ್ರೆ ನಮಗ್ಯಾಕೆ ನಗು?

ಭಾಗ 1

ಫೋಟೋದಲ್ಲಿರೋದು ನಮ್ಮ ವಕ್ಕಲೇರಿ ಬಸ್ ಸ್ಟಾಪು. ಸಿನಿಮಾ ಬಗ್ಗೆ ಬರೆಯೋಕೆ ಬಸ್ ಸ್ಟಾಪ್ ಫೋಟೋ ಯಾಕೆ ಅಂತ ಈಗಲೇ ಕೇಳ್ಬೇಡಿ. ಕೊನೇ ಭಾಗದವರೆಗೂ ಓದಿ, ಗೊತ್ತಾಗುತ್ತೆ.

ಈ ವಾರ ನೋಡಿದ್ದು 'ಹಲೋ, ಮೈ ನೇಮ್ ಈಸ್ ಡೋರಿಸ್'. 2015ರ ಅಮೆರಿಕನ್ ಕಾಮಿಡಿ, ಡೈರೆಕ್ಟರ್ ಮೈಕೆಲ್ ಶೋವಾಲ್ಟರ್. ಡೋರಿಸ್‌ಗೆ ಅರವತ್ತು ದಾಟಿದೆ. ನ್ಯೂಯಾರ್ಕಿನ ಸ್ಟೇಟನ್ ಐಲ್ಯಾಂಡಲ್ಲಿ ಅಮ್ಮನ ಜೊತೆ ಇದ್ದೋರು. ಅಮ್ಮನ್ನ ನೋಡ್ಕೊಳ್ಳೋಕೆ ಅಂತ ವಯಸ್ಸಲ್ಲಿ ಮದುವೆನೇ ಬಿಟ್ಟೋರು. ಸಿನಿಮಾ ಶುರುವಾಗೋ ಹೊತ್ತಿಗೆ ಆ ಅಮ್ಮನೂ ಇಲ್ಲ. ಮನೆ ತುಂಬ ಹಳೇ ಸಾಮಾನು, ಅದನ್ನ ಖಾಲಿ ಮಾಡು ಅನ್ನೋ ತಮ್ಮ. ಇಂಥ ಟೈಮಲ್ಲಿ ಆಫೀಸಿನ ತುಂಬಿದ ಲಿಫ್ಟಲ್ಲಿ ಜಾನ್ ಸಿಗ್ತಾನೆ. ಹೊಸದಾಗಿ ಸೇರಿರೋ ಹುಡುಗ. ನಕ್ಕೊಂಡು ನಾಲ್ಕು ಒಳ್ಳೆ ಮಾತಾಡ್ತಾನೆ. ಅಷ್ಟೇ, ಡೋರಿಸ್ ಫ್ಲಾಟ್!

ಆಮೇಲೆ ಶುರು ನೋಡಿ. ಗೆಳತಿಯ ಮೊಮ್ಮಗಳ ಕೈಲಿ ಫೇಸ್‌ಬುಕ್‌ಲ್ಲಿ ಫೇಕ್ ಅಕೌಂಟ್ ಮಾಡಿಸ್ಕೊಂಡು, ಹುಡುಗನಿಗೆ ಯಾವ ಬ್ಯಾಂಡ್ ಇಷ್ಟ ಅಂತ ಪತ್ತೆ ಹಚ್ಚಿ, ಆ ಬ್ಯಾಂಡಿನ ಪ್ರೋಗ್ರಾಂಗೆ ಜಗಮಗ ಬಟ್ಟೆ ಹಾಕ್ಕೊಂಡು ಹೋಗ್ತಾರೆ. ಹೊಟ್ಟೆ ಹಿಡ್ಕೊಂಡು ನಕ್ಕೆ. ನಕ್ಕು ಮುಗಿಸಿದ ಮೇಲೆ ಒಂದು ಡೌಟ್ ಬಂತು. ನಾನು ನಗ್ತಿದ್ದದ್ದು ಅವ್ರು ಮಾಡಿದ ಕೆಲಸಕ್ಕಾ, ಅವ್ರ ವಯಸ್ಸಿಗಾ?

ಭಾಗ 2

ಲಿಫ್ಟ್ ಅಂದ ತಕ್ಷಣ ನಮ್ಮದೇ ಒಂದು ಸಿನಿಮಾ ನೆನಪಾಗ್ಬೇಕು ನಿಮಗೆ. ರವಿಚಂದ್ರನ್ ಅವರ 'ಅಪೂರ್ವ', 2016. ಅಲ್ಲೂ ಲಿಫ್ಟು. ಒಳಗೆ ಸಿಕ್ಕಾಕ್ಕೊಂಡಿರೋದು 61 ವರ್ಷದ ಗಂಡಸು, 19 ವರ್ಷದ ಹುಡುಗಿ. ಲೆಕ್ಕ ಹಾಕಿ, 42 ವರ್ಷದ ಅಂತರ! ಆದ್ರೆ ಅದು ಕಾಮಿಡಿ ಅಲ್ಲ. ಅದು ಪ್ರೇಮಕಥೆ.

ಸಿನಿಮಾ ನಿಮಗೆ ಇಷ್ಟ ಆಯ್ತೋ ಇಲ್ವೋ ಬೇರೆ ವಿಷ್ಯ. ನಾನು ಕೇಳ್ತಿರೋದು ಇಷ್ಟೇ. ಲಿಫ್ಟು ಒಂದೇ. ಒಳಗೆ ವಯಸ್ಸಾದ ಗಂಡಸು ನಿಂತ್ರೆ ಅದು ಪ್ರೀತಿ, ತತ್ವ, ಹಾಡು. ವಯಸ್ಸಾದ ಹೆಂಗಸು ನಿಂತ್ರೆ ಅದು ಜೋಕು. ಯಾಕೆ?

'ಸಿನಿಮಾ ಬಿಡು, ನಿಜ ಜೀವನದಲ್ಲಿ ಹಂಗಿಲ್ಲ' ಅಂತೀರಾ? ಹೀರೋಗೆ ಐವತ್ತಾದ್ರೂ ಪಕ್ಕದಲ್ಲಿ ಇಪ್ಪತ್ತೈದರ ಹೀರೋಯಿನ್ನು. ಕನ್ನಡ, ತೆಲುಗು, ತಮಿಳು ಮೂರನ್ನೂ ನೋಡಿ ಬೆಳೆದ ನಮ್ ಕೋಲಾರದ ಹುಡುಗರಿಗೆ ನಾನು ಇದನ್ನ ಬಿಡಿಸಿ ಹೇಳ್ಬೇಕಾ? ಅದಕ್ಕೆ ನಾವ್ಯಾರೂ ನಗಲ್ಲ. ವಿಷಲ್ ಹಾಕ್ತೀವಿ.

ಭಾಗ 3

ಕನ್ನಡದಲ್ಲಿ ಇದನ್ನ ಯಾರೂ ಮುಟ್ಟೇ ಇಲ್ಲ ಅನ್ಕೋಬೇಡಿ. 1973ರಲ್ಲೇ ಪುಟ್ಟಣ್ಣ ಕಣಗಾಲ್ 'ಎಡಕಲ್ಲು ಗುಡ್ಡದ ಮೇಲೆ' ಮಾಡಿದ್ರು, ಭಾರತೀಸುತರ ಕಾದಂಬರಿಯಿಂದ. ಮಾಧವಿಯ ಗಂಡ ಮಿಲಿಟರಿಯವರು, ಯುದ್ಧದಲ್ಲಿ ಗಾಯ ಆಗಿ ದಾಂಪತ್ಯ ಸುಖವೇ ಇಲ್ಲದ ಹಾಗೆ ಆಗಿರುತ್ತೆ. ಅವಳ ಮನಸ್ಸು ತನಗಿಂತ ಚಿಕ್ಕವನಾದ ನಂಜುಂಡನ ಕಡೆ ಹೋಗುತ್ತೆ. ಮಾಧವಿ ಆಗಿ ಜಯಂತಿ, ನಂಜುಂಡ ಆಗಿ ಚಂದ್ರಶೇಖರ್. ಆ ಸಿನಿಮಾ ಅವ್ರಿಗೆ ಎಷ್ಟು ಅಂಟ್ಕೊಳ್ತು ಅಂದ್ರೆ, ಕೊನೆವರೆಗೂ ಜನ ಅವ್ರನ್ನ 'ಎಡಕಲ್ಲು ಗುಡ್ಡದ ಚಂದ್ರಶೇಖರ್' ಅಂತಲೇ ಕರೆದ್ರು.

ಪುಟ್ಟಣ್ಣ ಮಾಧವಿಯನ್ನ ನೋಡಿ ನಗಲಿಲ್ಲ. ಅದು ದೊಡ್ಡ ವಿಷ್ಯ. ಅವಳಿಗೂ ಒಂದು ಮೈ ಇದೆ, ಆಸೆ ಇದೆ ಅಂತ 1973ರಲ್ಲೇ ತೋರಿಸಿದ್ರು. ಆದ್ರೆ ಆ ಆಸೆ ಜೊತೆಗೆ ಪಾಪಪ್ರಜ್ಞೆ, ಸಂಕಟ, ಕಣ್ಣೀರು ಎಲ್ಲಾನೂ ಬಂತು. ಇನ್ನೊಂದು ಮಾತು. ಜಯಂತಿ ಹುಟ್ಟಿದ್ದು 1945ರಲ್ಲಿ. ಅಂದ್ರೆ ಆ 'ದೊಡ್ಡ ಹೆಂಗಸಿಗೆ' ಆಗ ಬರೀ 28 ವರ್ಷ! ನಮ್ ಕ್ಲಾಸಲ್ಲಿ ಕೆಲವ್ರ ಅಕ್ಕಂದಿರ ವಯಸ್ಸು.

ಹೆಣ್ಣಿಗೆ ತೆರೆ ಮೇಲೆ ವಯಸ್ಸು ಬೇಗ ಆಗುತ್ತೆ. 1954ರ 'ಬೇಡರ ಕಣ್ಣಪ್ಪ'ದಲ್ಲಿ ಅಣ್ಣಾವ್ರಿಗೆ ಜೋಡಿ ಪಂಢರೀಬಾಯಿ. ಮುಂದೆ ಅದೇ ಅಣ್ಣಾವ್ರಿಗೆ ತಾಯಿ ಪಾತ್ರ ಮಾಡಿದ್ರು. ಇಬ್ಬರದ್ದೂ ಹೆಚ್ಚುಕಮ್ಮಿ ಒಂದೇ ವಯಸ್ಸು. ಹಾಲಿವುಡ್ಡೇನು ಕಮ್ಮಿ ಇಲ್ಲ. ಡೋರಿಸ್ ಮಾಡಿರೋ ಸ್ಯಾಲಿ ಫೀಲ್ಡ್ 1988ರ 'ಪಂಚ್‌ಲೈನ್'ನಲ್ಲಿ ಟಾಮ್ ಹ್ಯಾಂಕ್ಸ್ ಮನಸು ಕೊಡೋ ಹೆಂಗಸು. ಆರೇ ವರ್ಷಕ್ಕೆ, 1994ರ 'ಫಾರೆಸ್ಟ್ ಗಂಪ್'ನಲ್ಲಿ, ಅದೇ ಹ್ಯಾಂಕ್ಸ್‌ಗೆ ಅಮ್ಮ! ನಿಜದಲ್ಲಿ ಅವರಿಬ್ಬರ ಮಧ್ಯೆ ಇರೋದು ಹತ್ತು ವರ್ಷ ಅಷ್ಟೇ.

ಪ್ರೇಯಸಿಯಿಂದ ಅಮ್ಮ ಆಗೋಕೆ ಆರು ವರ್ಷ. ಅಮ್ಮ ಆದ್ಮೇಲೆ ಆಸೆ ಇರ್ಬಾರ್ದು. ಇದ್ರೆ ಅಳ್ಬೇಕು, ಇಲ್ಲಾ ನಗೆಪಾಟಲಾಗ್ಬೇಕು. ಮೂರನೇ ದಾರಿನ ನಾವು ಇಟ್ಟೇ ಇಲ್ಲ.

ಭಾಗ 4

ಈಗ ಡಿಎಂನಲ್ಲಿ ಬರೋ ಮಾತು ನಂಗೆ ಗೊತ್ತು. 'ಹಂಗಂದ್ರೆ ಅವ್ರು ಆ ಹುಡುಗನ ಹಿಂದೆ ಬಿದ್ದಿದ್ದು ಸರಿನಾ?'

ಸರಿ ಅಲ್ಲ. ಫೇಕ್ ಅಕೌಂಟ್ ಮಾಡಿದ್ದು ತಪ್ಪು. ಜಾನ್‌ಗೆ ಗರ್ಲ್‌ಫ್ರೆಂಡ್ ಇದ್ದಾಳೆ ಅಂತ ಗೊತ್ತಾದ್ಮೇಲೆ, ಕುಡಿದ ಅಮಲಲ್ಲಿ ಅದೇ ಅಕೌಂಟಿಂದ ಅವನ ವಾಲ್ ಮೇಲೆ ಬರೆದು ಅವರಿಬ್ಬರನ್ನ ದೂರ ಮಾಡಿದ್ದು ಇನ್ನೂ ದೊಡ್ಡ ತಪ್ಪು. ಸಿನಿಮಾನೂ ಅದನ್ನ ಮುಚ್ಚಿಡಲ್ಲ. ಡೋರಿಸ್ ತಾವೇ ಹೋಗಿ ಅವನ ಮುಂದೆ ಒಪ್ಕೊಳ್ತಾರೆ. ಅವನಿಗೆ ಸಿಟ್ಟು ಬರುತ್ತೆ. ಬರಲೇಬೇಕು.

ಆದ್ರೆ ಒಂದ್ ನಿಮಿಷ. ಹುಡುಗಿ ಯಾವ ಬಸ್ಸಿಗೆ ಹೋಗ್ತಾಳೆ ಅಂತ ಪತ್ತೆ ಮಾಡೋದು, ಅವಳ ಫ್ರೆಂಡ್ ಹತ್ರ ನಂಬರ್ ಕದಿಯೋದು, ಬೇಡ ಅಂದ್ರೂ ಮನೆ ಮುಂದೆ ಬೈಕ್ ನಿಲ್ಸೋದು. ಇದನ್ನ ಎಷ್ಟು ಹೀರೋಗಳು ಮಾಡಿಲ್ಲ ಹೇಳಿ? ನಾವು ಅದಕ್ಕೆ 'ಟ್ರೂ ಲವ್' ಅಂತ ಸ್ಟೇಟಸ್ ಹಾಕ್ಲಿಲ್ವಾ? ಡೋರಿಸ್ ಮಾಡಿದ್ದು ತಪ್ಪಾದ್ರೆ ಅದೂ ತಪ್ಪು. ಅಳತೆಗೋಲು ಒಂದೇ ಇರ್ಲಿ. ಒಬ್ಬರಿಗೆ ಇಷ್ಟ ಇಲ್ಲದೇ ಹಿಂದೆ ಬೀಳೋದು ಯಾವ ವಯಸ್ಸಲ್ಲೂ ತಪ್ಪು. ಮನಸಲ್ಲಿ ಇಷ್ಟ ಹುಟ್ಟೋದು ಯಾವ ವಯಸ್ಸಲ್ಲೂ ತಪ್ಪಲ್ಲ.

ಈ ಸಿನಿಮಾ ನಂಗೆ ಇಷ್ಟ ಆಗಿದ್ದು ಅದಕ್ಕೇ. ಅದು ಡೋರಿಸ್‌ನ ದೇವತೆನೂ ಮಾಡಲ್ಲ, ಕೋಡಂಗಿನೂ ಮಾಡಲ್ಲ. ಹದಿನಾರರ ಹುಡುಗಿ ಹೆಂಗೆ ಪೆದ್ದುಪೆದ್ದಾಗಿ ಪ್ರೀತಿಗೆ ಬೀಳ್ತಾಳೋ ಹಂಗೇ ಬೀಳೋಕೆ ಬಿಡುತ್ತೆ. ನಗುವಾಗ ನಮ್ ಪೆದ್ದುತನವೇ ನೆನಪಾಗುತ್ತೆ. ಕೊನೇ ಸೀನ್ ಹೇಳಲ್ಲ. ಅದೂ ಲಿಫ್ಟ್ ಹತ್ರನೇ ಇದೆ, ನೋಡಿ.

ಭಾಗ 5

ಈಗ ಬಸ್ ಸ್ಟಾಪ್ ವಿಷ್ಯ.

ನಮ್ ಬೀದೀಲಿ ಬ್ಲೌಸ್ ಹೊಲಿಯೋ ಅಕ್ಕ ಒಬ್ರಿದ್ದಾರೆ. ಐವತ್ತು ದಾಟಿದೆ. ಗಂಡ ಹೋಗಿ ತುಂಬಾ ವರ್ಷ ಆಯ್ತು. ಅತ್ತೆನ ನೋಡ್ಕೊಂಡ್ರು, ಮಕ್ಕಳ ಮದುವೆ ಮಾಡಿದ್ರು. ಹೋದ ವರ್ಷ ಮೊದಲ ಸಲ ಸ್ಮಾರ್ಟ್ ಫೋನ್ ತಗೊಂಡ್ರು. ಬಸ್ ಸ್ಟಾಪ್ ಹತ್ರ ಮೊಬೈಲ್ ಅಂಗಡಿ ಹುಡುಗನ ಹತ್ರ ದಿನಾ ಹೋಗಿ ಏನೋ ಒಂದು ಕೇಳೋರು. ನಗ್ತಾ ಮಾತಾಡೋರು. ಒಂದಿನ ಕೂಲಿಂಗ್ ಗ್ಲಾಸ್ ಹಾಕ್ಕೊಂಡು ಡಿಪಿ ಇಟ್ರು.

ನಮ್ ಬ್ಯಾಚ್ ಗ್ರೂಪಲ್ಲಿ ಆ ಡಿಪಿ ಸ್ಟಿಕರ್ ಆಯ್ತು. ಕೆಳಗೆ ಏನ್ ಬರೆದಿದ್ರು ಅಂತ ಇಲ್ಲಿ ಬರೆಯಲ್ಲ. ಮಾಡಿದ್ದು ಯಾರು ಅಂತಲೂ ಹೇಳಲ್ಲ. ನಾನು ನಕ್ಕೆ. ಇನ್ನೆರಡು ಗ್ರೂಪಿಗೆ ಫಾರ್ವರ್ಡ್ ಮಾಡ್ದೆ. ಅದು ಮಾತ್ರ ಹೇಳ್ಲೇಬೇಕು.

ವಾರ ಆದ್ಮೇಲೆ ಅಮ್ಮನ ಬ್ಲೌಸ್ ತರೋಕೆ ಹೋದೆ. 'ಪುಟ್ಟಾ, ಸ್ಟಿಕರ್ ಅಂದ್ರೆ ಏನು? ಅದನ್ನ ಅಳಿಸೋಕಾಗುತ್ತಾ?' ಅಂದ್ರು. ನನ್ನ ಬಾಯಿಂದ ಮಾತೇ ಬರ್ಲಿಲ್ಲ. ಡಿಪಿ ಜಾಗದಲ್ಲಿ ಅವತ್ತಿಂದ ಒಂದು ಗುಲಾಬಿ ಹೂ ಇದೆ. ಅಂಗಡಿ ಕಡೆಗೂ ಹೋಗಲ್ಲ, ರೀಚಾರ್ಜ್ ಮಾಡಿಸೋಕೆ ಮೊಮ್ಮಗನ್ನ ಕಳಿಸ್ತಾರೆ.

ಆ ಹುಡುಗನ ಮೇಲೆ ಅವ್ರಿಗೆ ಮನಸಿತ್ತಾ, ಇಲ್ಲಾ ಮಾತಾಡೋಕೆ ಒಬ್ರು ಸಿಕ್ಕಿದ್ರು ಅಂತ ಖುಷಿನಾ? ನಂಗೆ ಗೊತ್ತಿಲ್ಲ, ಕೇಳೋ ಹಕ್ಕೂ ನಂಗಿಲ್ಲ. ಡೋರಿಸ್ ಹಂಗೆ ಅವ್ರು ಯಾರಿಗೂ ಮೋಸ ಮಾಡ್ಲಿಲ್ಲ, ಯಾರ ಹಿಂದೆನೂ ಬೀಳ್ಲಿಲ್ಲ. ಫೋನಲ್ಲಿ ಡಬ್ಬಾ ಕೆಲಸ ಮಾಡಿದ್ದು ನಾವು.

ಇದನ್ನ ಬರೀಲಾ ಅಂತ ಅವ್ರನ್ನ ಕೇಳಿದೆ. ಮೊದಲು ಕ್ಷಮೆ ಕೇಳಿ, ಆಮೇಲೆ ಇದನ್ನ ಕೇಳಿದೆ. 'ಹೆಸರು ಹಾಕ್ಬೇಡ, ಬರಿ' ಅಂದ್ರು.

ಅದಕ್ಕೇ ಒಂದೇ ಒಂದು ರಿಕ್ವೆಸ್ಟ್. ಆ ಸ್ಟಿಕರ್ ನಿಮ್ಮ ಫೋನಲ್ಲಿ ಇನ್ನೂ ಇದೆ ಅಂತ ನಂಗೊತ್ತು. ಈ ಪೋಸ್ಟಿಗೆ ಲೈಕ್ ಕೊಡೋಕೆ ಮುಂಚೆ ಅದನ್ನ ಡಿಲೀಟ್ ಮಾಡಿ. ಆಮೇಲೆ ಡೋರಿಸ್ ನೋಡಿ, ಚೆನ್ನಾಗಿ ನಗಿ. ನಗೋದು ಬೇಡ ಅಂತ ನಾನು ಹೇಳ್ತಿಲ್ಲ. ಮುಂದಿನ ವಾರ ಬಸ್ ಸ್ಟಾಪಲ್ಲಿ ಆ ಅಕ್ಕ ಸಿಕ್ಕಿದ್ರೆ ಮಾತಾಡ್ಸಿ, ಸಾಕು.

#ವಕ್ಕಲೇರಿ #ಸಿನಿಮಾಮಾತು #ಡೋರಿಸ್ #ಎಡಕಲ್ಲುಗುಡ್ಡದಮೇಲೆ