ಮನೆಯ ಎಣ್ಣೆ ಮಾರಾಟಕ್ಕೆ ಬಂದಾಗ

1920ರಲ್ಲಿ ಹೈದರಾಬಾದಿನ ಹಕೀಮ್ ಮೊಹಮ್ಮದ್ ಮೊಯಿಜುದ್ದೀನ್ ಫಾರೂಕಿ ಅವರು ನೀಲಗಿರಿ ಎಣ್ಣೆಗೆ ಕರ್ಪೂರ, ಪುದೀನಾ ಹೂ, ಓಮದ ಹೂ ಮುಂತಾದವನ್ನು ಬೆರೆಸಿ ‘ಜಿಂದಾ ತಿಲಿಸ್ಮಾತ್’ ತಯಾರಿಸಿದರು. ನೆಗಡಿ, ಕೆಮ್ಮು ಬಂದಾಗ ಕಲಬುರಗಿ, ರಾಯಚೂರು, ಬೀದರಿನ ಮನೆಗಳಲ್ಲೂ ಆ ಪುಟ್ಟ ಶೀಷೆಯನ್ನು ಹುಡುಕುವ ರೂಢಿ ಇಂದಿಗೂ ಇದೆ. ಈಗ ಅದು ಪರವಾನಗಿ ಪಡೆದು ತಯಾರಾಗುವ ಯುನಾನಿ ಔಷಧ. ಅದೇ ಊರಿನ ಮಿಯಾಪುರ, ಕೂಕಟ್‌ಪಲ್ಲಿಯಂಥ ಬಡಾವಣೆಗಳ ಅಡುಗೆಮನೆಗಳಲ್ಲಿ ಇಂದು ಲ್ಯಾವೆಂಡರ್, ಪುದೀನಾ, ಮಜ್ಜಿಗೆಹುಲ್ಲಿನ ತೈಲಗಳನ್ನು ಕೊಬ್ಬರಿ ಎಣ್ಣೆಗೆ ಸೇರಿಸಿ, ಶೀಷೆಗೆ ತುಂಬಿ, ವಾಟ್ಸ್ಆ್ಯಪ್ ಗುಂಪುಗಳಲ್ಲಿ ಮಾರುವವರಿದ್ದಾರೆ. ಹೆಚ್ಚಿನವರು ಹೆಣ್ಣುಮಕ್ಕಳು; ಮನೆಗೆಲಸದ ನಡುವೆಯೇ ನಾಲ್ಕು ಕಾಸು ದುಡಿಯಬೇಕೆಂಬುದು ಅವರ ಆಸೆ. ಮನೆಯಲ್ಲಿ ಮಾಡಿ ಪರಿಚಿತರಿಗೆ ಮಾರುವವರಿಗೂ ಕಾರ್ಖಾನೆಯವನಷ್ಟೇ ಹೊಣೆ ಹೊರಿಸುವುದು ನ್ಯಾಯವೇ?

ನ್ಯಾಯವೇ ಎಂದು ನಾನು ಹೇಳುತ್ತೇನೆ. ಆದರೆ ಆ ಹೊಣೆ ಹೊರಲು ಬೇಕಾದ ದಾರಿಯನ್ನು ಸರ್ಕಾರ ಮಾಡಿಕೊಟ್ಟಿಲ್ಲ ಎಂಬುದೂ ಅಷ್ಟೇ ನಿಜ.

ಕಾನೂನು ಮೊದಲು ನೋಡುವುದು ಎಣ್ಣೆಯನ್ನಲ್ಲ, ಅದರ ಬಗ್ಗೆ ನಾವು ಆಡುವ ಮಾತನ್ನು. ‘ಕೋಣೆಗೆ ಪರಿಮಳ’ ಎಂದು ಮಾರಿದರೆ ಅದು ಬರಿಯ ಸುಗಂಧ. ‘ಚರ್ಮಕ್ಕೆ ಹೊಳಪು’ ಎಂದರೆ ಅದೇ ಎಣ್ಣೆ 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ ಪ್ರಕಾರ ಸೌಂದರ್ಯವರ್ಧಕ. ‘ಮೈಗ್ರೇನ್ ವಾಸಿಯಾಗುತ್ತದೆ’ ಎಂದ ಕೂಡಲೇ ಅದು ಔಷಧ. ಸೌಂದರ್ಯವರ್ಧಕವನ್ನು ಮಾರಾಟಕ್ಕೆಂದು ತಯಾರಿಸಲು 2020ರ ನಿಯಮಗಳಂತೆ ರಾಜ್ಯದ ಔಷಧ ನಿಯಂತ್ರಣ ಇಲಾಖೆಯ ಪರವಾನಗಿ ಬೇಕು; ‘ಮನೆಯಲ್ಲೇ ಮಾಡಿದ್ದು’ ಎಂಬ ಕಾರಣಕ್ಕೆ ವಿನಾಯಿತಿ ಇಲ್ಲ. ಇನ್ನು ಮಧುಮೇಹ, ರಕ್ತದೊತ್ತಡ, ಸಂಧಿವಾತ, ಬೊಜ್ಜು, ಮುಟ್ಟಿನ ತೊಂದರೆ ಇವೆಲ್ಲ 1954ರ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯ ಪಟ್ಟಿಯಲ್ಲಿವೆ. ಇವನ್ನು ಗುಣಪಡಿಸುತ್ತೇವೆಂದು ಪರವಾನಗಿ ಇರುವ ಔಷಧ ಕಂಪನಿಯೂ ಜನರಿಗೆ ಜಾಹೀರಾತು ಕೊಡುವಂತಿಲ್ಲ. ಹಾಗಿರುವಾಗ ನಮ್ಮ ಗುಂಪಿನಲ್ಲಿ ಓಡಾಡುವ ‘ಮಂಡಿನೋವು ಮಾಯ’ ಎಂಬ ಸಂದೇಶದ ಗತಿ ಏನೆಂದು ಓದುಗರೇ ಊಹಿಸಬಹುದು.

ಅಜ್ಜಿಯ ಕಾಲದಿಂದ ಮಾಡುತ್ತಿದ್ದೇವಲ್ಲ ಎಂಬ ವಾದ ಇಲ್ಲಿ ಬಂದೇ ಬರುತ್ತದೆ. ಪರಂಪರೆಗೆ ಕಾನೂನು ಕುರುಡಾಗಿಲ್ಲ. ವೈದ್ಯರೋ ಹಕೀಮರೋ ತಮ್ಮದೇ ರೋಗಿಗಳಿಗಾಗಿ ಆಯುರ್ವೇದ, ಯುನಾನಿ ಔಷಧ ತಯಾರಿಸಿಕೊಟ್ಟರೆ ತಯಾರಿಕಾ ಪರವಾನಗಿ ಬೇಕಿಲ್ಲವೆಂದು 1940ರ ಕಾಯ್ದೆಯೇ ಹೇಳುತ್ತದೆ. ಈ ವಿನಾಯಿತಿಯ ಹಿಂದೆ ಇರುವ ವಿವೇಕ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಹಕೀಮರು ನಾಡಿ ಹಿಡಿದಿರುತ್ತಾರೆ. ಎದುರಿಗಿರುವುದು ಬಸುರಿಯೋ, ಹಸುಗೂಸೋ, ಮೂರ್ಛೆರೋಗ ಇರುವವರೋ ಎಂದು ಅವರಿಗೆ ಗೊತ್ತು. ಅಜ್ಜಿಗೂ ತನ್ನ ಮೊಮ್ಮಗುವಿನ ಮೈಗುಣ ಗೊತ್ತಿತ್ತು. ಕೊರಿಯರ್‌ನಲ್ಲಿ ಶೀಷೆ ಕಳಿಸುವವರಿಗೆ ಅದನ್ನು ಬಳಸುವವರ ಮುಖವೇ ಗೊತ್ತಿಲ್ಲ. ಮುಖ ಕಾಣದ ಕಡೆ ಆ ಎಚ್ಚರವನ್ನು ಬರಹದಲ್ಲಿ ತುಂಬಿಕೊಡಬೇಕು. ಏನೇನು ಬೆರೆಸಿದೆ, ಯಾರು ಎಲ್ಲಿ ತಯಾರಿಸಿದ್ದು, ಯಾವ ಬ್ಯಾಚು, ಯಾವಾಗಿನವರೆಗೆ ಬಳಸಬಹುದು, ಯಾರು ಬಳಸಬಾರದು ಎಂಬುದೆಲ್ಲ ಚೀಟಿಯ ಮೇಲಿರಬೇಕಾದದ್ದು ಇದಕ್ಕಾಗಿಯೇ.

ಗಿಡದಿಂದ ಬಂದದ್ದು ಏನು ಮಾಡೀತು ಎನ್ನುವವರು ಇದನ್ನು ಗಮನಿಸಬೇಕು. ಕರ್ಪೂರವಾಗಲಿ ನೀಲಗಿರಿ ಎಣ್ಣೆಯಾಗಲಿ ಚಿಕ್ಕ ಮಕ್ಕಳ ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು. ಈ ಎರಡರ ಬಳಕೆಗೂ ದೊಡ್ಡವರಲ್ಲಿ ಕಾಣುವ ಫಿಟ್ಸ್‌ಗೂ ಇರುವ ನಂಟನ್ನು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನರರೋಗ ತಜ್ಞರು ಅಧ್ಯಯನಗಳಲ್ಲಿ ದಾಖಲಿಸಿದ್ದಾರೆ. ಅಮೆರಿಕದಲ್ಲಿ ಮೈಗೆ ಹಚ್ಚುವ ಔಷಧಗಳಲ್ಲಿ ಕರ್ಪೂರ ಶೇ 11 ಮೀರುವಂತಿಲ್ಲ. ಹಿಂಡಿ ತೆಗೆದ ನಿಂಬೆಸಿಪ್ಪೆಯ ಎಣ್ಣೆ ಹಚ್ಚಿಕೊಂಡು ಹೈದರಾಬಾದಿನ ಏಪ್ರಿಲ್ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಲೆ ಉಳಿಯಬಹುದು. ಗಾಳಿಗೆ ತೆರೆದಿಟ್ಟ ಹಳೆಯ ಲ್ಯಾವೆಂಡರ್ ತೈಲದಿಂದ ತುರಿಕೆಯೆದ್ದು ಅಲರ್ಜಿ ಆಗಬಹುದು. ಇಂಥದ್ದು ಸಂಭವಿಸಿದಾಗ ‘ನನಗೆ ಗೊತ್ತಿರಲಿಲ್ಲ’ ಎಂದರೆ ಸಾಲದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ, ತಾವು ಕೊಟ್ಟ ಸ್ಪಷ್ಟ ಭರವಸೆಗೆ ವಸ್ತು ತಕ್ಕಂತಿರದೆ ಹಾನಿಯಾದರೆ, ಅಜಾಗರೂಕತೆಯಾಗಲಿ ಮೋಸವಾಗಲಿ ಇರಲಿಲ್ಲವೆಂದು ಸಾಬೀತುಪಡಿಸಿದರೂ ತಯಾರಕರು ಪರಿಹಾರದ ಹೊಣೆಯಿಂದ ತಪ್ಪಿಸಿಕೊಳ್ಳಲಾರರು. ‘ನೂರಕ್ಕೆ ನೂರು ಸುರಕ್ಷಿತ’ ಎಂದು ಬರೆಯುವ ಮುನ್ನ ಇದು ನೆನಪಿರಲಿ.

ಈಗ ಸರ್ಕಾರದ ಮಾತು. ಉಪ್ಪಿನಕಾಯಿ ಮಾರುವವರಿಗಾಗಿ 2011ರ ಆಹಾರ ಪರವಾನಗಿ ನಿಯಮಗಳು ಒಂದು ಸುಲಭದ ಮೆಟ್ಟಿಲು ಇಟ್ಟವು: ವರ್ಷದ ವಹಿವಾಟು 12 ಲಕ್ಷ ರೂಪಾಯಿ ಮೀರದಿದ್ದರೆ ಆಗ 100 ರೂಪಾಯಿ ಶುಲ್ಕದ ನೋಂದಣಿ ಸಾಕಾಗುತ್ತಿತ್ತು. ಎಣ್ಣೆ ಬೆರೆಸುವವರಿಗೆ ಅಂಥ ಮೆಟ್ಟಿಲಿಲ್ಲ. ಪ್ರತ್ಯೇಕ ಜಾಗ, ಅರ್ಹ ತಾಂತ್ರಿಕ ಸಿಬ್ಬಂದಿ, ಪರೀಕ್ಷೆಯ ವ್ಯವಸ್ಥೆ ಎಂದು ಇಡೀ ಕಾರ್ಖಾನೆಯ ಲೆಕ್ಕ. ಎರಡು ಕೋಣೆಯ ಮನೆಯವರು ಇದನ್ನೆಲ್ಲ ಎಲ್ಲಿಂದ ತರಬೇಕು? ಹೀಗಾಗಿ ಪ್ರಾಮಾಣಿಕರು ಕೈಬಿಡುತ್ತಾರೆ, ಉಳಿದವರು ಕದ್ದುಮುಚ್ಚಿ ಮುಂದುವರಿಯುತ್ತಾರೆ. ಕೊಳ್ಳುವವರಿಗೆ ಎರಡರಿಂದಲೂ ರಕ್ಷಣೆ ಸಿಗುವುದಿಲ್ಲ. ಪರವಾನಗಿ ಇರುವ ಬೇರೊಬ್ಬರ ಘಟಕದಲ್ಲಿ ತಯಾರಿಸಿಕೊಳ್ಳಲು ‘ಲೋನ್ ಲೈಸೆನ್ಸ್’ ಎಂಬ ಅವಕಾಶವೇನೋ ನಿಯಮದಲ್ಲಿದೆ. ಆದರೆ ಇಪ್ಪತ್ತು ಶೀಷೆಯ ಕೆಲಸಕ್ಕೆ ಯಾವ ಕಾರ್ಖಾನೆ ಯಂತ್ರ ತಿರುಗಿಸೀತು? ಸುಗಂಧ ಸಸ್ಯಗಳನ್ನೇ ಅಧ್ಯಯನ ಮಾಡುವ ಕೇಂದ್ರ ಸಂಸ್ಥೆ ಸೀಮ್ಯಾಪ್‌ನ ಸಂಶೋಧನಾ ಕೇಂದ್ರ ಹೈದರಾಬಾದಿನ ಬೋಡುಪ್ಪಲ್‌ನಲ್ಲೇ ಇದೆ. ಅದರ ಪರಿಣತಿ ಪಡೆದು, ಸ್ತ್ರೀಶಕ್ತಿ ಗುಂಪುಗಳಿಗೆಂದು ಪರವಾನಗಿ ಸಹಿತ ಒಂದು ಸಾಮಾನ್ಯ ತಯಾರಿಕಾ ಘಟಕವನ್ನು ತೆಲಂಗಾಣ ಸರ್ಕಾರ ತೆರೆಯಬಹುದು, ಕರ್ನಾಟಕವೂ ತೆರೆಯಬಹುದು.

ಅಲ್ಲಿಯವರೆಗೆ ಮಾರುವ ಅಕ್ಕತಂಗಿಯರಲ್ಲಿ ನನ್ನ ವಿನಂತಿ ಇಷ್ಟು. ರೋಗ ವಾಸಿಯಾಗುತ್ತದೆಂಬ ಮಾತನ್ನು ಇಂದೇ ಅಳಿಸಿ. ಪರವಾನಗಿ ಕೈಗೆ ಬರುವ ತನಕ ಮೈಗೆ ಹಚ್ಚುವ ಎಣ್ಣೆಯ ಮಾರಾಟ ನಿಲ್ಲಿಸಿ. ಕೋಣೆಯ ಪರಿಮಳಕ್ಕೆಂದು ಮಾರುವುದಾದರೂ ಮಕ್ಕಳ ಕೈಗೆ ಸಿಗದಂತೆ ಇಡಿ ಎಂದು ಕನ್ನಡ, ತೆಲುಗು, ಉರ್ದು ಮೂರರಲ್ಲೂ ಬರೆದು ಅಂಟಿಸಿ.