ಕುಂಡದ ಟೊಮೆಟೊ ಹಳದಿಯಾದರೆ

ಟೊಮೆಟೊ ಎಲೆ ಹಳದಿಯಾಯಿತೆಂದರೆ ಮನೆಯಲ್ಲಿ ಮೊದಲು ಬರುವ ಸಲಹೆ 'ಒಂದು ಹಿಡಿ ಯೂರಿಯಾ ಹಾಕು' ಎಂಬುದು. ದಯವಿಟ್ಟು ಹಾಕಬೇಡಿ. ಹೊಲದಲ್ಲಿ ನಡೆಯುವ ಲೆಕ್ಕ ಕುಂಡದಲ್ಲಿ ನಡೆಯುವುದಿಲ್ಲ. ಇಷ್ಟೇ ಮಣ್ಣಿನಲ್ಲಿ ಅಷ್ಟು ಯೂರಿಯಾ ಬಿದ್ದರೆ ಬೇರೇ ಸುಟ್ಟುಹೋದೀತು. ಮೊದಲು ಹಳದಿಯಾದದ್ದು ಯಾವ ಎಲೆ ಎಂದು ನೋಡಿ.

ಬುಡದ ಹಳೆಯ ಎಲೆ ಪೂರ್ತಿ ಹಳದಿಯಾಗಿದ್ದರೆ ಸಾರಜನಕ ಸಾಲದು. ಎರಡು ಹಿಡಿ ಹಳೆಯ ಕೊಟ್ಟಿಗೆ ಗೊಬ್ಬರ ಸಾಕು. ಹಳೆಯ ಎಲೆಯಲ್ಲೇ ನರಗಳು ಹಸಿರಾಗಿದ್ದು ನಡುವೆ ಮಾತ್ರ ಹಳದಿಯಿದ್ದರೆ ಮೆಗ್ನೀಸಿಯಂ ಕೊರತೆ. ಹರಿತ್ತಿನ ಪ್ರತಿ ಅಣುವಿನ ನಡುವೆ ಕುಳಿತಿರುವುದು ಇದೇ ಧಾತು. ಇವೆರಡನ್ನೂ ಗಿಡ ಮುದಿ ಎಲೆಯಿಂದ ಹಿಂಪಡೆದು ಚಿಗುರಿಗೆ ಕಳುಹಿಸುತ್ತದೆ. ಬಡತನದ ಮನೆಯಲ್ಲಿ ಹಿರಿಯರು ಅರೆಹೊಟ್ಟೆ ಉಂಡು ಮಕ್ಕಳಿಗೆ ಬಡಿಸಿದಂತೆ! ಕಬ್ಬಿಣವನ್ನು ಹಾಗೆ ಸಾಗಿಸಲಾಗದು. ಆದ್ದರಿಂದ ಅದರ ಕೊರತೆ ಚಿಗುರಿನಲ್ಲೇ ಕಾಣುತ್ತದೆ.

ನಮ್ಮ ಚಿಂತಾಮಣಿ, ಗೌರಿಬಿದನೂರು ಕಡೆ ಇದು ಮುಖ್ಯ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಸೀಮೆ. ಕುಂಡಕ್ಕೆ ಬೀಳುವುದು ಬಹುಪಾಲು ಕೊಳವೆಬಾವಿಯ ಗಡಸು ನೀರು. ನೀರು ಆರಿದ ಮೇಲೆ ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಟ್ಟುವುದಿಲ್ಲವೇ? ಆ ಕ್ಷಾರದಿಂದಾಗಿ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದಿಲ್ಲ. ಮಳೆನೀರು ಹಿಡಿದಿಟ್ಟು ಆಗಾಗ ಧಾರಾಳವಾಗಿ ಹಾಯಿಸಿ, ತಳದ ತೂತಿನಿಂದ ಹೊರಹೋಗಲಿ. ತೂತು ಮುಚ್ಚಿದ್ದರೆ ಬೇರು ಕೊಳೆತು ಇಡೀ ಗಿಡವೇ ಹಳದಿಯಾದೀತು. ಬೆರಳನ್ನು ಮಣ್ಣಿನೊಳಗೆ ಒಂದಂಗುಲ ಇಳಿಸಿ, ತೇವವಿದ್ದರೆ ಅಂದು ನೀರು ಬೇಡ.

ಇವೆಲ್ಲ ಸರಿಹೋಗುವ ಕಾಯಿಲೆಗಳು. ಚಿಗುರೆಲೆ ಹಳದಿಯಾಗಿ, ಕಿರಿದಾಗಿ, ಮೇಲ್ಮುಖವಾಗಿ ಮುದುಡಿ, ಗಿಡ ಕುಳ್ಳಗೆ ಉಳಿದರೆ ಮಾತ್ರ ಅದು ಎಲೆ ಮುದುಡು ನಂಜುರೋಗ. ಹರಡುವುದು ಬಿಳಿನೊಣ, ಎಲೆ ಅಲುಗಿಸಿದರೆ ಪುರ್ರನೆ ಹಾರುತ್ತದೆ. ಇದಕ್ಕೆ ಔಷಧಿಯಿಲ್ಲ. ಮಗು ತಿಂಗಳುಗಟ್ಟಲೆ ನೀರೆರೆದ ಗಿಡವನ್ನು ಕೀಳಿಸುವುದು ತಂದೆತಾಯಿಗಳಿಗೆ ಕಷ್ಟವೇ. ಆದರೆ ಗೋಡೆಯಾಚೆ ಯಾರದೋ ಟೊಮೆಟೊ ತೋಟವಿರಬಹುದು, ಅದರ ಮೇಲೆ ಸಾಲವೂ ಇರಬಹುದು. ಗಿಡಕ್ಕೆ ಚೀಲ ಮುಚ್ಚಿ, ನೊಣ ಹಾರದಂತೆ ಕಿತ್ತು ಸುಟ್ಟುಬಿಡಿ. ಮುಂದಿನ ಸಲ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ನಂದಿ, ಸಂಕ್ರಾಂತಿ ಅಥವಾ ಹೆಸರಘಟ್ಟದ ಅರ್ಕಾ ರಕ್ಷಕ್ ತಳಿ ಹಾಕಿ. ಇವು ಈ ರೋಗವನ್ನು ತಡೆದುಕೊಳ್ಳುತ್ತವೆ.

ಶಿಡ್ಲಘಟ್ಟದವರಿಗೆ ಒಂದು ಮಾತು. ಮನೆಯಲ್ಲಿ ರೇಷ್ಮೆ ಹುಳುವಿದ್ದರೆ ಕುಂಡಕ್ಕೆ ಬೇವಿನೆಣ್ಣೆಯನ್ನೂ ಸಿಂಪಡಿಸಬೇಡಿ. ಹಿಪ್ಪುನೇರಳೆ ಸೊಪ್ಪಿನ ಮೇಲೆ ಅದರ ಹನಿ ಬಿದ್ದರೂ ಹುಳುವಿಗೆ ಕೇಡು. ಹಳದಿ ಅಂಟುಹಲಗೆ ತೂಗುಹಾಕಿ; ಹಳದಿ ಬಣ್ಣ ಬಳಿದ ಡಬ್ಬಿಯ ಮುಚ್ಚಳಕ್ಕೆ ಹರಳೆಣ್ಣೆ ಸವರಿದರೂ ಆದೀತು.