ಅಂಟು ಅಂಟಿಕೊಳ್ಳುತ್ತೆ, ಆವಿ ಎಲ್ಲಿ ಹೋಗುತ್ತೆ?

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಾಗ ನಮ್ಮ ಚರ್ಚೆ ಹೆಚ್ಚಾಗಿ ಕೆಲಸದ ಅವಧಿ, ಗ್ರಾಚ್ಯುಟಿ, ಲೇಆಫ್ ಸುತ್ತಲೇ ತಿರುಗಿತು. ಅವೆಲ್ಲ ಮುಖ್ಯವೇ. ಆದರೆ ಕಾರ್ಮಿಕ ಸಂಘಟನೆಗಳನ್ನು ಬಿಟ್ಟರೆ ಇನ್ನೊಂದು ಬದಲಾವಣೆ ಬಗ್ಗೆ ಮಾತಾಡಿದವರು ಕಡಿಮೆ. 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ ವಿದ್ಯುತ್ ಬಳಸುವ ಕಡೆ 10 ಜನ, ಬಳಸದ ಕಡೆ 20 ಜನ ಕೆಲಸಗಾರರಿದ್ದರೆ ಅದು 'ಕಾರ್ಖಾನೆ'. ಹೊಸ ಸುರಕ್ಷತಾ ಸಂಹಿತೆಯಲ್ಲಿ ಅದು 20 ಮತ್ತು 40. ಅಂದರೆ ಕಾರ್ಖಾನೆಗಳಿಗೆಂದೇ ಇರುವ ನಿಯಮಗಳ ವ್ಯಾಪ್ತಿ ಕುಗ್ಗಿತು.

ಈ ಅಂಕಿ ಯಾರ ಮೈಮೇಲೆ ಬೀಳುತ್ತೆ ಅಂತ ನೋಡಬೇಕಾದರೆ ಒಂದು ಡಬ್ಬಿಯ ಮುಚ್ಚಳ ತೆಗೆದರೆ ಸಾಕು: ರಬ್ಬರ್ ಅಂಟಿನ ಡಬ್ಬಿ.

ಶೂ ಸೋಲ್, ಪ್ಲೈವುಡ್ ಮೇಲಿನ ಲ್ಯಾಮಿನೇಟ್, ಕಾರಿನ ಒಳಭಾಗ, ಸೋಫಾ ಫೋಮ್, ಕನ್ವೇಯರ್ ಬೆಲ್ಟ್ ಜೋಡಣೆ, ಎಸಿ ಡಕ್ಟ್ ಮೇಲಿನ ಇನ್ಸುಲೇಷನ್. ಇಲ್ಲೆಲ್ಲಾ ಬಳಸೋ ಕಾಂಟ್ಯಾಕ್ಟ್ ಅಂಟಿನ ಮುಖ್ಯ ವಸ್ತು ಸಾಮಾನ್ಯವಾಗಿ ಪಾಲಿಕ್ಲೋರೋಪ್ರೀನ್. 1930ರಲ್ಲಿ ಡ್ಯುಪಾಂಟ್ ಪ್ರಯೋಗಾಲಯದಲ್ಲಿ ಹುಟ್ಟಿದ, ನಿಯೋಪ್ರೀನ್ ಅಂತ ಹೆಸರಾದ ಕೃತಕ ರಬ್ಬರ್. ಎಂಜಿನಿಯರಿಂಗ್‌ನಲ್ಲಿ ಇದನ್ನು ನಾನೂ ಓದಿದ್ದೇನೆ. ಅಣುವಿನ ರಚನೆ ಬರೆಯೋದು ಕಲಿತೆವು, ಉಪಯೋಗಗಳ ಪಟ್ಟಿ ಬಾಯಿಪಾಠ ಮಾಡಿದೆವು. ಆದರೆ ಅಂಟು ಒಣಗುವಾಗ ಅದರಿಂದ ಏನು ಹೊರಗೆ ಹೋಗುತ್ತೆ ಅಂತ ಯಾವ ಪ್ರಶ್ನೆಪತ್ರಿಕೆಯೂ ಕೇಳಲಿಲ್ಲ.

ಹೊರಗೆ ಹೋಗೋದೇ ಹೆಚ್ಚು. ಡಬ್ಬಿಯಲ್ಲಿ ರಬ್ಬರು, ರಾಳ ಸೇರಿ ಹೆಚ್ಚುಕಡಿಮೆ ಕಾಲು ಭಾಗ. ಉಳಿದದ್ದು ಸಾಲ್ವೆಂಟ್: ಟೊಲ್ಯುಯಿನ್, ಹೆಕ್ಸೇನ್, ಅಸಿಟೋನ್, ಈಥೈಲ್ ಅಸಿಟೇಟ್ ಥರದ ದ್ರಾವಕಗಳ ಮಿಶ್ರಣ. ಎರಡೂ ಮೇಲ್ಮೈಗೆ ಅಂಟು ಬಳಿದು, ಹತ್ತು-ಹದಿನೈದು ನಿಮಿಷ ಒಣಗೋಕೆ ಬಿಟ್ಟು, ಆಮೇಲೆ ಒತ್ತಬೇಕು. ಆ ಹತ್ತು-ಹದಿನೈದು ನಿಮಿಷದಲ್ಲಿ ಡಬ್ಬಿಯ ಮುಕ್ಕಾಲು ಭಾಗ ಕೋಣೆಯ ಗಾಳಿ ಸೇರುತ್ತೆ. ಆ ಗಾಳಿಯಲ್ಲಿ ಒಬ್ಬ ಮನುಷ್ಯ ಕೂತಿರುತ್ತಾನೆ.

ಜಪಾನಿನ ಪಾಠ

ಇದರ ಪರಿಣಾಮ ಏನು ಅನ್ನೋದು ಗೊತ್ತಿಲ್ಲದ ಸಂಗತಿ ಅಲ್ಲ. ಮೊದಲು ಅಂಟಿನಲ್ಲಿ ಬೆಂಜೀನ್ ಇರುತ್ತಿತ್ತು. ಬೆಂಜೀನ್ ಮೂಳೆಮಜ್ಜೆಯನ್ನು ಹಾಳುಮಾಡುತ್ತೆ, ರಕ್ತದ ಕ್ಯಾನ್ಸರ್ ತರುತ್ತೆ. 1974ರಲ್ಲಿ ಟರ್ಕಿಯ ವೈದ್ಯ ಮುಜಫರ್ ಅಕ್ಸೊಯ್ ಇಸ್ತಾಂಬುಲ್‌ನ ಶೂ ಕೆಲಸಗಾರರಲ್ಲಿ 26 ಲ್ಯುಕೇಮಿಯಾ ಪ್ರಕರಣಗಳನ್ನು ದಾಖಲಿಸಿದರು. ಜಪಾನ್ ಅದಕ್ಕೂ ಮೊದಲೇ, 1959ರಲ್ಲಿ, ಬೆಂಜೀನ್ ಇರುವ ರಬ್ಬರ್ ಅಂಟನ್ನು ನಿಷೇಧಿಸಿತ್ತು.

ತಯಾರಕರು ಏನು ಮಾಡಿದರು? ಬೆಂಜೀನ್ ತೆಗೆದು ಹೆಕ್ಸೇನ್ ಹಾಕಿದರು. 1960ರ ದಶಕದಲ್ಲಿ ಮಿಯೆ ಪ್ರಾಂತ್ಯದಲ್ಲಿ ಮನೆಯಲ್ಲೇ ಕೂತು ವಿನೈಲ್ ಚಪ್ಪಲಿ ಅಂಟಿಸುತ್ತಿದ್ದವರ ಕೈಕಾಲು ಜೋಮು ಹಿಡಿಯೋಕೆ ಶುರುವಾಯ್ತು, ಬಲ ಕುಂದಿತು. ದೇಹದೊಳಗೆ ಹೆಕ್ಸೇನ್ 2,5-ಹೆಕ್ಸೇನ್‌ಡಯೋನ್ ಆಗಿ ಬದಲಾಗಿ ಉದ್ದನೆಯ ನರಗಳನ್ನು ಮೊದಲು ಹಾಳುಮಾಡುತ್ತೆ. ಕೆಲಸ ಬಿಟ್ಟ ಮೇಲೂ ಕೆಲವು ತಿಂಗಳು ರೋಗ ಹೆಚ್ಚುತ್ತಾ ಹೋಗಬಹುದು. 1969ರ ವರದಿಯಲ್ಲಿ ಇಂಥ 93 ರೋಗಿಗಳಿದ್ದಾರೆ.

ಒಂದು ವಿಷ ತೆಗೆದರು, ಆ ಜಾಗಕ್ಕೆ ಇನ್ನೊಂದು ಬಂತು. ಮನೆ ಅನ್ನೋದು ಕಾರ್ಖಾನೆ ಅಲ್ಲವಾದ್ದರಿಂದ ಕಾಯಿಲೆ ಬೀಳೋವರೆಗೂ ಯಾರೂ ನೋಡಲಿಲ್ಲ.

ಪರ್ಯಾಯ ಇದೆ, ಯಾರಿಗೆ?

ನೀರಿನಲ್ಲೇ ರಬ್ಬರ್ ಕಣಗಳನ್ನು ತೇಲಿಸಿದ ಅಂಟು ಇದೆ, ಬಿಸಿ ಮಾಡಿ ಕರಗಿಸಿ ಹಚ್ಚುವ ಹಾಟ್‌ಮೆಲ್ಟ್ ಇದೆ. ಇವು ಬಳಕೆಗೆ ಬಂದದ್ದು ಹೇಗೆ ಅಂತಲೂ ನೋಡಬೇಕು. ವಿಯೆಟ್ನಾಂನಲ್ಲಿ ನೈಕಿಗೆ ಶೂ ಮಾಡಿಕೊಡುತ್ತಿದ್ದ ತೇ ಕ್ವಾಂಗ್ ವಿನಾ ಕಾರ್ಖಾನೆಯ ಆಡಿಟ್ ವರದಿ 1997ರ ನವೆಂಬರ್‌ನಲ್ಲಿ ಸೋರಿಕೆಯಾಯ್ತು. ಟೊಲ್ಯುಯಿನ್ ಪ್ರಮಾಣ ಅಲ್ಲಿನ ಕಾನೂನು ಮಿತಿಗಿಂತ 6ರಿಂದ 177 ಪಟ್ಟು ಜಾಸ್ತಿ ಇತ್ತು. ಜಗತ್ತಿನಾದ್ಯಂತ ಛೀಮಾರಿ ಬಿತ್ತು. 1998ರ ಮೇ ತಿಂಗಳಲ್ಲಿ ಕಂಪನಿಯ ಮುಖ್ಯಸ್ಥ ಫಿಲ್ ನೈಟ್, ಅಮೆರಿಕದ ಕಾರ್ಖಾನೆಯ ಒಳಗಾಳಿಗೆ ಇರುವ ಮಾನದಂಡವನ್ನೇ ಪಾಲಿಸುತ್ತೇವೆ ಅಂತ ಘೋಷಿಸಬೇಕಾಯ್ತು. ನೀರಾಧಾರಿತ ಅಂಟಿನತ್ತ ಬದಲಾವಣೆ ವೇಗ ಪಡೆಯಿತು. ಅಂದರೆ ತಂತ್ರಜ್ಞಾನ ಆಗಲೇ ಕೈಯಲ್ಲಿತ್ತು, ಒತ್ತಡ ಬರಬೇಕಿತ್ತು.

ಈಗ ಬೆಂಗಳೂರಿಗೆ ಬನ್ನಿ. ಹೊಸ ಅಪಾರ್ಟ್‌ಮೆಂಟ್‌ನ ವಾರ್ಡ್‌ರೋಬ್‌ಗೆ ಲ್ಯಾಮಿನೇಟ್ ಅಂಟಿಸುವ ಮರಗೆಲಸದವರು ಮೂರೋ ನಾಲ್ಕೋ ಜನ. ಪಕ್ಕದವರು ವಾಸನೆ ಅಂತ ದೂರುತ್ತಾರೆ, ಧೂಳು ಬರುತ್ತೆ ಅಂತ ಕಿಟಕಿ ಮುಚ್ಚುತ್ತಾರೆ. ಬಿಲ್ಡರ್‌ಗೆ ಅವರು ನೌಕರರಲ್ಲ, ಕಾಂಟ್ರಾಕ್ಟರ್‌ಗೂ ಅಲ್ಲ. ಹಳೆಯ ಕಾಯ್ದೆಯ ಕಣ್ಣಿಗೂ ಇವರು ಬಿದ್ದಿರಲಿಲ್ಲ ಅನ್ನೋದು ನಿಜ. ಹೊಸದು ಆ ಕುರುಡು ಜಾಗವನ್ನು ದೊಡ್ಡದು ಮಾಡಿದೆ.

ಇದೇ ಆವಿಯ ಇನ್ನೊಂದು ತುದಿಯಲ್ಲಿ ಮಕ್ಕಳಿದ್ದಾರೆ. ಏಮ್ಸ್ ನೇತೃತ್ವದ ಸಮೀಕ್ಷೆಯನ್ನು ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯ 2019ರಲ್ಲಿ ಪ್ರಕಟಿಸಿತು. ಅದರಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲಿ ಬಳಕೆ ಹೆಚ್ಚಿರುವ ಅಮಲು ವಸ್ತು ಒಂದೇ: ಮೂಸುವ ದ್ರಾವಕ. 10ರಿಂದ 17 ವರ್ಷದವರಲ್ಲಿ ಶೇ 1.17, ದೊಡ್ಡವರಲ್ಲಿ ಶೇ 0.58. ನೆರವು ಬೇಕಿರುವ ಮಕ್ಕಳು ಅಂದಾಜು 4.6 ಲಕ್ಷ. ನಾವು ಇದನ್ನು 'ಸಲ್ಯೂಷನ್ ಚಟ' ಅಂತ ಕರೆದು ಮಕ್ಕಳ ಶಿಸ್ತಿನ ಸಮಸ್ಯೆ ಮಾಡಿಬಿಟ್ಟಿದ್ದೇವೆ. ಟೊಲ್ಯುಯಿನ್ ಮೆದುಳಿನ ಬಿಳಿ ದ್ರವ್ಯವನ್ನು ಕೆಡಿಸುತ್ತೆ. ಆದರೂ ಡಬ್ಬಿಯೊಳಗೆ ಏನಿರಬೇಕು ಅನ್ನೋ ಪ್ರಶ್ನೆ ಮಕ್ಕಳ ತನಕ ಬಂದು ನಿಲ್ಲುತ್ತೆ, ತಯಾರಕರ ತನಕ ಹೋಗೋದೇ ಇಲ್ಲ. ಐರೋಪ್ಯ ಒಕ್ಕೂಟದಲ್ಲಿ ಶೇ 0.1ರಷ್ಟು ಅಥವಾ ಅದಕ್ಕಿಂತ ಹೆಚ್ಚು ಟೊಲ್ಯುಯಿನ್ ಇರುವ ಅಂಟನ್ನು ಜನಸಾಮಾನ್ಯರಿಗೆ ಮಾರುವ ಹಾಗಿಲ್ಲ.

ಏನು ಕೇಳಬೇಕು?

ನೀರಾಧಾರಿತ ಅಂಟು ನಿಧಾನ ಒಣಗುತ್ತೆ, ಕೆಲವು ಕಡೆ ಬಿಸಿಗಾಳಿ ಬೇಕು, ಸಣ್ಣ ವರ್ಕ್‌ಶಾಪ್‌ಗೆ ಕಷ್ಟ ಅನ್ನೋ ವಾದ ಇದೆ. ಅದು ಸುಳ್ಳಲ್ಲ. ಅದಕ್ಕೇ ನಾನು ರಾತ್ರೋರಾತ್ರಿ ನಿಷೇಧ ಕೇಳುತ್ತಿಲ್ಲ. ದುಡುಕಿನ ನಿಷೇಧ ಹೆಕ್ಸೇನ್ ಥರದ ಬದಲಿಯನ್ನೇ ತರುತ್ತೆ ಅಂತ ಮಿಯೆ ಪ್ರಾಂತ್ಯ ತೋರಿಸಿದೆ.

ಆದರೆ ಹೊಸ ಸಂಹಿತೆಯಲ್ಲೇ ಒಂದು ಬಾಗಿಲಿದೆ. ಅಪಾಯಕಾರಿ ಅಂತ ಅಧಿಸೂಚನೆ ಹೊರಡಿಸಿದ ಕೆಲಸಕ್ಕೆ, ಅಲ್ಲಿ ಒಬ್ಬನೇ ಕೆಲಸಗಾರ ಇದ್ದರೂ, ಸಂಹಿತೆಯನ್ನು ಅನ್ವಯಿಸಬಹುದು. ದ್ರಾವಕ ಆಧಾರಿತ ಅಂಟಿನ ಕೆಲಸವನ್ನು ಆ ಪಟ್ಟಿಗೆ ಸೇರಿಸಿ ಅನ್ನೋದು ಮೊದಲ ಬೇಡಿಕೆ ಆಗಬೇಕು. ಎರಡನೆಯದು, ಡಬ್ಬಿಯ ಮೇಲೆ ಯಾವ ದ್ರಾವಕ ಎಷ್ಟಿದೆ ಅಂತ ಕನ್ನಡದಲ್ಲೂ ಮುದ್ರಿಸಬೇಕು. ಮೂರನೆಯದು, ಬೆಂಜೀನ್, ಹೆಕ್ಸೇನ್, ಟೊಲ್ಯುಯಿನ್ ಮೂರಕ್ಕೂ ಒಟ್ಟಿಗೆ ಮಿತಿ ಹಾಕಿ, ಸಣ್ಣ ಘಟಕಗಳು ಬದಲಾಗೋಕೆ ಕಾಲಾವಕಾಶ ಮತ್ತು ಸಹಾಯಧನ ಕೊಡಬೇಕು.

ಅಲ್ಲಿಯವರೆಗೆ ಮನೆ ಇಂಟೀರಿಯರ್ ಮಾಡಿಸುವವರು ಒಂದು ಕೆಲಸ ಮಾಡಬಹುದು: ಯಾವ ಅಂಟು ಅಂತ ಕೇಳಿ, ಕೋಟೇಶನ್‌ನಲ್ಲಿ ಬರೆಸಿಕೊಳ್ಳಿ, ಕಿಟಕಿ ತೆರೆದಿಡಿ. ಈ ಆವಿ ಗಾಳಿಗಿಂತ ಭಾರ, ನೆಲದ ಹತ್ತಿರವೇ ನಿಲ್ಲುತ್ತೆ, ಕಿಡಿ ಸಿಕ್ಕರೆ ಹೊತ್ತಿಕೊಳ್ಳುತ್ತೆ. ಅಂಟು ಬಳಿಯುವವರು ಕೂರೋದೂ ನೆಲದ ಮೇಲೇ.